ಹೊಸ ಹೆಸರಿನ ಮುದ್ರೆ

ಸೂರ್, ಒಮಾನ್
೨೩ ಜನವರಿ ೨೦೨೫

ಪೂಜ್ಯ ಭಾವನವರಿಗೆ,
ಪ್ರತಿಮಾ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ನೀವು "ಏನಿದ್ರೂ ಕಾಗದದಾಗ ಬರಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟಿರಿ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಮದುವೆಯಾದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇಂಥದ್ದಾಗಬೇಕಿತ್ತೇ?

ನಿಮ್ಮ ತಮ್ಮ ಹುಬ್ಬಳ್ಳಿಯಿಂದ ರಜೆ ಮುಗಿಸಿ ಬರುವ ದಿನ ನಾನೂ ಗೌತಮಿಯೂ ಮಸ್ಕತ್ ವಿಮಾನ ನಿಲ್ದಾಣದಲ್ಲಿ ಕಾಯುತ್ತಿದ್ದೆವು. ಆ ವಿಮಾನದ ಜನರೆಲ್ಲ ಹೊರಗೆ ಬಂದರು, ಇವರು ಬರಲಿಲ್ಲ. ಗೌತಮಿ "ಪಪ್ಪಾ ಮಸ್ಟ್ ಬಿ ಬೈಯಿಂಗ್ ಚಾಕಲೇಟ್ಸ್" ಎನ್ನುತ್ತಲೇ ಇದ್ದಳು. ಕೊನೆಗೆ ಒಬ್ಬ ಅಧಿಕಾರಿ ಬಂದು ನನ್ನ ಹೆಸರು ಕೇಳಿ, ಮಗುವನ್ನು ನೋಡಿ, ಬೇರೆ ಕೋಣೆಗೆ ಕರೆದು ಹೇಳಿದರು. ಬ್ಯಾಗಿನಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿಗಳಿದ್ದವು. ಅದರಲ್ಲಿ ಒಂದು ಡಬ್ಬಿಯ ತಳದಲ್ಲಿ ಗಾಂಜಾ ಒತ್ತಿ ತುಂಬಿತ್ತು.

ಆ ಡಬ್ಬಿ ನಮ್ಮದಲ್ಲ, ಭಾವ. ಹೊರಡುವ ಹಿಂದಿನ ಸಂಜೆ ಬಾದುಶಾ ನಿಮ್ಮ ಮನೆಗೇ ಬಂದು ಕೊಟ್ಟದ್ದು. ಇವರ ಪಾಲಿಟೆಕ್ನಿಕ್ ಗೆಳೆಯ, ಈಗ ಟ್ರಾವೆಲ್ಸ್ ನಡೆಸುತ್ತಾನಲ್ಲ, ಅವನೇ. ಪಾರವ್ವಕ್ಕ ಚಹಾ ಮಾಡಿಕೊಟ್ಟರಂತೆ, ನೀವೂ ಅಲ್ಲೇ ಕೂತಿದ್ದಿರಂತೆ. ಅಂದು ಸಂಜೆ ಇವರು ಫೋನಿನಲ್ಲಿ ನಗುತ್ತ ಹೇಳಿದ್ದರು: "ಬಾದುಶಾ ಒಂದು ಡಬ್ಬಿ ಕೊಟ್ಟಾನ. ಮತ್ರಾದಾಗ ಅವನ ಪರಿಚಯದವ್ರು ಬಂದು ಒಯ್ತಾರಂತ. ಬ್ಯಾಗ್ ತುಂಬ ಬರೇ ಚಟ್ನಿಪುಡೀನ ಆಗೇದ ನೋಡು."

ಇಲ್ಲಿಯ ವಕೀಲರು ಹೇಳುವುದು ಒಂದೇ. ಕಳಿಸಿದವನನ್ನು ಅಲ್ಲಿ ಹಿಡಿದು, ಒಯ್ದವನಿಗೆ ಏನೂ ತಿಳಿಸಿರಲಿಲ್ಲ ಎಂಬುದನ್ನು ನಮ್ಮ ಸರ್ಕಾರದ ಅಧಿಕಾರಿಗಳು ಬರೆದುಕೊಟ್ಟರೆ ನ್ಯಾಯಾಲಯ ಅದನ್ನು ನೋಡುತ್ತದೆ. ನಿಮ್ಮ ಕೆಲಸವೇ ಅದು. ನಿಮ್ಮನ್ನು ಬಿಟ್ಟು ನಾನು ಯಾರನ್ನು ಕೇಳಲಿ?

ಇಂತಿ,
ಪ್ರತಿಮಾ

*

ಹುಬ್ಬಳ್ಳಿ
೪ ಫೆಬ್ರವರಿ ೨೦೨೫

ಚಿ. ಸೌ. ಪ್ರತಿಮಾಳಿಗೆ,
ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ವಿಷಯ ತಿಳಿದ ದಿನವೇ ನಾನು ನಮ್ಮ ನಿರ್ದೇಶಕರ ಮುಂದೆ ನಿಂತು, ಆರೋಪಿ ನನ್ನ ಖಾಸಾ ತಮ್ಮ, ಡಬ್ಬಿ ಕೈ ಬದಲಾದದ್ದು ನನ್ನ ಮನೆಯ ಪಡಸಾಲೆಯಲ್ಲಿ ಎಂದು ಹೇಳಿದೆ. ಅವರು ಇಟ್ಟ ಷರತ್ತು ಇದು: ಈ ಪ್ರಕರಣದ ಬಗ್ಗೆ ಫೋನ್ ಬೇಡ, ವಾಟ್ಸ್‌ಆಪ್ ಬೇಡ. ಏನಿದ್ದರೂ ಕಾಗದದಲ್ಲಿ ಇರಲಿ, ನಾಳೆ ಯಾರಾದರೂ ಕೇಳಿದರೆ ತೋರಿಸಲು ಬರುತ್ತದೆ. ಆದ್ದರಿಂದ ನಿನ್ನ ಕರೆ ಎತ್ತುತ್ತಿಲ್ಲ. ನೀನು ಬರೆಯುವುದನ್ನು ಇತರರೂ ಓದಬಹುದು ಎಂಬ ಎಚ್ಚರ ಇರಲಿ.

ಸಮಯವೂ ಸರಿ ಇಲ್ಲ. ನಮ್ಮದು ಇಂದಿಗೂ 'ಮದ್ಯ ತಪಾಸಣಾ ನಿರ್ದೇಶನಾಲಯ'. ಜನ ನಮ್ಮನ್ನು ಸಾರಾಯಿ ಸಾಹೇಬರು ಎನ್ನುತ್ತಾರೆ. ಆದರೆ ಈಗ ನಾವು ಹಿಡಿಯುವುದರಲ್ಲಿ ಬಹುಪಾಲು ಗಾಂಜಾ. ಕಬ್ಬಿನ ನಡುವೆ, ಮೆಣಸಿನ ಗಿಡಗಳ ನಡುವೆ ಬೆಳೆದದ್ದು. ನ್ಯಾಯಾಲಯದಲ್ಲಿ ಎದುರು ವಕೀಲರು "ಮದ್ಯದವರಿಗೆ ಗಾಂಜಾದಾಗ ಏನ್ ಕೆಲಸ?" ಎಂದು ಕೇಳಿ ನಗಿಸುತ್ತಾರೆ. ಆದ್ದರಿಂದ ಏಪ್ರಿಲ್ ಒಂದರಿಂದ ಹೆಸರು ಬದಲಾಗಲಿದೆ: 'ಮದ್ಯ ಮತ್ತು ಗಾಂಜಾ ನಿಗ್ರಹ ನಿರ್ದೇಶನಾಲಯ'. ನಮ್ಮ ವಿಭಾಗದಲ್ಲಿ ಆ ಕೆಲಸದ ಉಸ್ತುವಾರಿ ನನ್ನದು. ಇಂಥ ಹೊತ್ತಿನಲ್ಲಿ ನನ್ನ ತಮ್ಮನ ಹೆಸರು ಗಾಂಜಾದ ಜೊತೆ ಕೇಳಿಬಂದರೆ ಏನಾಗುತ್ತದೆ ಎಂದು ನೀನೇ ಊಹಿಸು.

ವಕೀಲರ ಮಾತು ಕೇಳು. ಗೌತಮಿಯ ಶಾಲೆ ತಪ್ಪಿಸಬೇಡ. ಮುಂದಿನ ಭೇಟಿಯಲ್ಲಿ ಆಕಾಶನನ್ನು ನನ್ನ ಹೆಸರಿನಲ್ಲಿ ಒಂದು ಮಾತು ಕೇಳು: ಅವನಿಗೆ ಗೊತ್ತಿತ್ತೋ ಇಲ್ಲವೋ? ಉತ್ತರವನ್ನು ಅವನು ಹೇಳಿದ ಹಾಗೆಯೇ ಬರೆ.

ಇಂತಿ ನಿನ್ನ ಭಾವ,
ರಾಯಪ್ಪ

*

ಸೂರ್
೧೯ ಫೆಬ್ರವರಿ ೨೦೨೫

ಭಾವನವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಮ್ಮ ಹೇಗಿದ್ದಾನೆ ಎಂದು ನೀವು ಕೇಳಿಲ್ಲ. ಕಚೇರಿಯ ಹೆಸರಿನ ಬಗ್ಗೆ ಮಾತ್ರ ಅಷ್ಟುದ್ದ ಬರೆದಿದ್ದೀರಿ.

ಕೇಳದಿದ್ದರೂ ಹೇಳುತ್ತೇನೆ. ಇಳಿದುಹೋಗಿದ್ದಾರೆ. ಗಾಜಿನ ಆಚೆ ಕೂತು ರಿಸೀವರ್ ಹಿಡಿದು ಮಾತಾಡಬೇಕು. ಗೌತಮಿಯನ್ನು ಕರೆತರಬೇಡ ಎಂದರು. ಅವಳಿಗೆ ನಾನು ಪಪ್ಪಾ ದುಕ್ಮ್ ಕಡೆ ಪ್ರಾಜೆಕ್ಟ್ ಕೆಲಸಕ್ಕೆ ಹೋಗಿದ್ದಾರೆ ಎಂದು ಹೇಳಿದ್ದೇನೆ. ಅವಳು "ಓಕೆ" ಎಂದು ಸುಮ್ಮನಾಗುತ್ತಾಳೆ. ಆ ಸುಮ್ಮನಿರುವಿಕೆ ನನಗೆ ಹೆದರಿಕೆ ಹುಟ್ಟಿಸುತ್ತದೆ.

ಇವರು ದುಡಿಯುವ ಪ್ಲಾಂಟಿನವರು ಸಂಬಳ ನಿಲ್ಲಿಸಿದ್ದಾರೆ, ಕ್ವಾರ್ಟರ್ಸ್ ಬಿಡಲು ಹೇಳಿದ್ದಾರೆ. ನನ್ನ ವೀಸಾ ಇವರ ವೀಸಾಕ್ಕೆ ಅಂಟಿಕೊಂಡಿದೆ. ಗೌತಮಿಯ ಶಾಲೆಯ ಲಿಯೋನಾ ಟೀಚರ್, ಮಂಗಳೂರು ಕಡೆಯವರು, ತಮ್ಮ ಮನೆಯ ಒಂದು ಕೋಣೆ ಬಿಟ್ಟುಕೊಟ್ಟಿದ್ದಾರೆ. ಅವರೇ ನನ್ನನ್ನು ಮತ್ರಾಕ್ಕೆ ಕರೆದುಕೊಂಡು ಹೋದರು. ಆ ಪರಿಚಯದವರದು ಎಂದು ಬಾದುಶಾ ಇವರಿಗೆ ಹೇಳಿದ್ದ ಅಂಗಡಿಯನ್ನು ಅಲ್ಲಿಯ ಹಳೆಯ ಪೇಟೆಯ, ಸೂಕಿನ, ಹಿಂದಿನ ಓಣಿಗಳಲ್ಲಿ ಹುಡುಕಿ ಹುಡುಕಿ ಸಾಕಾಯಿತು. ಸಿಕ್ಕಾಗ ಷಟರ್ ಎಳೆದಿತ್ತು. ಪಕ್ಕದ ಬಟ್ಟೆ ಅಂಗಡಿಯ ಗುಜರಾತಿ ಮುದುಕರು "ಖಲಾಸ್, ಬೇಟಿ. ವೋ ಚಲೇ ಗಯೇ" ಎಂದು ಕೈ ತಿರುಗಿಸಿದರು.

ನಿಮ್ಮ ಪ್ರಶ್ನೆಯನ್ನು ಕೇಳಿದೆ. ಇವರು ಸ್ವಲ್ಪ ಹೊತ್ತು ರಿಸೀವರಿನ ವೈರನ್ನು ಬೆರಳಿಗೆ ಸುತ್ತುತ್ತ ಕೂತರು. ಆಮೇಲೆ ಹೇಳಿದ್ದು ಇಷ್ಟೇ: "ಅಣ್ಣಗ ಹೇಳು, ನಂಗ ಗೊತ್ತಿರಲಿಲ್ಲ."

ಬರೆದಿದ್ದೇನೆ, ಹೇಳಿದ ಹಾಗೆಯೇ. ಇನ್ನು ಇದನ್ನು ಯಾರಿಗೆ ಬೇಕಾದರೂ ತೋರಿಸಿ.

ಪ್ರತಿಮಾ

*

ಹುಬ್ಬಳ್ಳಿ
೩ ಏಪ್ರಿಲ್ ೨೦೨೫

ಪ್ರೀತಿಯ ಪ್ರತಿಮಾ,

ಇಷ್ಟು ದಿನ ಬರೆಯಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಬರೆಯಲು ಮನಸ್ಸಾಗಲಿಲ್ಲ. ಈಗ ಇದೆ.

ಮೊನ್ನೆ ನಸುಕಿನಲ್ಲಿ ಬಾದುಶಾ ಸಿಕ್ಕ. ಗೋವಾದಲ್ಲಿ ಅಡಗಿದ್ದ. ಹಿಡಿದ ತಂಡದಲ್ಲಿ ನಾನಿರಲಿಲ್ಲ, ಇರಬಾರದು ಎಂದು ನಾನೇ ಬರೆದುಕೊಟ್ಟಿದ್ದೆ. ಹೇಳಿಕೆ ಪಡೆದವರು ದಮಯಂತಿ ಎಂಬ ಅಧಿಕಾರಿ. ಬಹಳ ಕಟ್ಟುನಿಟ್ಟಿನ ಹೆಣ್ಣುಮಗಳು, ನನ್ನ ಮುಖ ನೋಡಿ ಒಂದು ಅಕ್ಷರ ಬದಲಿಸುವವಳಲ್ಲ. ಅವಳ ಮುಂದೆ ಅವನು ಹೇಳಿದ್ದಾನೆ: "ಡಬ್ಬಿಯಾಗ ಏನದ ಅಂತ ಆಕಾಶಗ ನಾ ಹೇಳಿದ್ದಿಲ್ಲ." ಅದರ ಆಧಾರದ ಮೇಲೆ ನಿರ್ದೇಶನಾಲಯದ ಪ್ರಮಾಣಪತ್ರ ಸಿದ್ಧವಾಗಿದೆ. ನೇರವಾಗಿ ನಿಮ್ಮ ವಕೀಲರಿಗೆ ಕೊರಿಯರ್ ಮಾಡಿಸಿದ್ದೇನೆ.

ಮೊನ್ನೆಯೇ ಹೊಸ ಹೆಸರಿನ ಸಮಾರಂಭವೂ ನಡೆಯಿತು. ಮೆಟ್ಟಿಲ ಮೇಲೆ ಶಾಮಿಯಾನ, ಫಲಕದ ಮೇಲೆ ಹಳದಿ ಬಟ್ಟೆ. ಅತಿಥಿಗಳು ದಾರ ಎಳೆದರೆ ಬಟ್ಟೆ ಅರ್ಧಕ್ಕೇ ಸಿಕ್ಕಿಕೊಂಡಿತು. 'ಮದ್ಯ ಮತ್ತು' ಎಂಬಷ್ಟೇ ಕಂಡು ಜನ ನಕ್ಕರು. ಒಬ್ಬ ಪೇದೆ ಏಣಿ ಹತ್ತಿ ಬಿಡಿಸಿದ. 'ಗಾಂಜಾ' ಎಂಬ ಪದ ಹೆಸರಿನಲ್ಲಿ ಇರಬೇಕೆಂದು ಸಭೆಯಲ್ಲಿ ಹಟ ಹಿಡಿದವನು ನಾನೇ. ಬೇರೆಯವರು 'ಮಾದಕ' ಸಾಕು, 'ಗಾಂಜಾ' ಕೇಳಲು ಒರಟು ಎನ್ನುತ್ತಿದ್ದರು. ಮಾಡುವ ಕೆಲಸದ ಹೆಸರನ್ನು ನೇರ ಹೇಳಲು ನಾಚಿಕೆ ಯಾಕೆ ಎಂದು ನಾನು ವಾದಿಸಿದ್ದೆ. ಆಗ ಆಕಾಶನ ಸುದ್ದಿ ಇನ್ನೂ ಬಂದಿರಲಿಲ್ಲ.

ಹೊಸ ಮುದ್ರೆ ಒತ್ತಿ ನಮ್ಮ ಕಚೇರಿಯಿಂದ ಹೊರಟ ಮೊಟ್ಟಮೊದಲ ಕಾಗದ ಅವನ ಪ್ರಮಾಣಪತ್ರ. ದಮಯಂತಿ ಅದನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ನಾನು ಎದ್ದು ಬಾಗಿಲು ಹಾಕಿಕೊಂಡೆ.

ಅವನು ಚೆನ್ನಾಗಿ ಊಟ ಮಾಡುತ್ತಾನೆಯೇ? ಮೊದಲಿನಿಂದಲೂ ಅವನಿಗೆ ಹೊಟ್ಟೆಯದೇ ತಾಪತ್ರಯ. ಅವ್ವ ಹೋದ ಮೇಲೆ ಅವನಿಗೆ ಉಣ್ಣಿಸಿದವನು ನಾನು, ಕೇಳದೆ ಇರಲು ಆಗುವುದಿಲ್ಲ.

ನಿನ್ನ ಭಾವ,
ರಾಯಪ್ಪ

*

ಸೂರ್
೨೨ ಏಪ್ರಿಲ್ ೨೦೨೫

ಭಾವ,

ಪ್ರಮಾಣಪತ್ರ ಬಂದ ದಿನ ನಾನೂ ಲಿಯೋನಾ ಟೀಚರೂ ಅಳುತ್ತ ನಕ್ಕೆವು. ನಿಮ್ಮ ಬಗ್ಗೆ ನಾನು ಅಂದುಕೊಂಡದ್ದನ್ನೆಲ್ಲ ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ.

ಆದರೆ ಅದು ನಡೆಯಲಿಲ್ಲ. ನ್ಯಾಯಾಲಯಕ್ಕೆ ಕೊಡುವ ಮೊದಲು ನಮ್ಮ ರಾಯಭಾರ ಕಚೇರಿಯಲ್ಲಿ ಅದನ್ನು ದೃಢೀಕರಿಸಬೇಕು. ಅಲ್ಲಿಯವರು ಮುದ್ರೆ ನೋಡಿ, ಕಂಪ್ಯೂಟರ್ ನೋಡಿ, ಮತ್ತೆ ಮುದ್ರೆ ನೋಡಿದರು. ಈ ಹೆಸರಿನ ನಿರ್ದೇಶನಾಲಯ ತಮ್ಮ ದಾಖಲೆಯಲ್ಲೇ ಇಲ್ಲ, ಇರುವುದು ಮದ್ಯ ತಪಾಸಣಾ ನಿರ್ದೇಶನಾಲಯ ಎಂದರು. ಹೆಸರು ಬದಲಾಗಿದೆ ಎಂದು ನಾನು ಹೇಳಿದೆ. "ಇರಬಹುದು ಮೇಡಂ, ಆದರೆ ಅವರು ನಮಗೆ ಏನೂ ಕಳಿಸಿಲ್ಲ. ಹೊಸ ಮುದ್ರೆಯ ಮಾದರಿ ಇಲ್ಲ, ರಾಜ್ಯಪತ್ರದ ಪ್ರತಿ ಇಲ್ಲ. ನಾವು ಹೇಗೆ ನಂಬೋಣ?" ಎಂದರು. ಒರಟಾಗಿ ಹೇಳಲಿಲ್ಲ. ಪಾಪ, ಕುಡಿಯಲು ನೀರು ಕೊಟ್ಟರು.

ವಕೀಲರು ಒಂದು ವಾಯಿದೆ ಕೇಳಿ ಪಡೆದಿದ್ದಾರೆ. ಇನ್ನೊಂದು ಸಿಗಲಾರದು ಎನ್ನುತ್ತಾರೆ. ಅದೇ ಪತ್ರವನ್ನು ಹಳೆಯ ಹೆಸರಿನಲ್ಲಿ, ಹಳೆಯ ಮುದ್ರೆಯಲ್ಲಿ ಕಳಿಸಿಬಿಡಿ. ಅಥವಾ ರಾಜ್ಯಪತ್ರ ಕಳಿಸಿ. ಯಾವುದು ಬೇಗ ಆಗುತ್ತದೋ ಅದು. ಈ ಸಲವಾದರೂ ಫೋನ್ ಮಾಡಿ, ಭಾವ. ಒಂದೇ ನಿಮಿಷ.

ಪ್ರತಿಮಾ

*

ಸೂರ್
೯ ಮೇ ೨೦೨೫

ಭಾವ,

ಉತ್ತರ ಇಲ್ಲ. ಫೋನ್ ಇಲ್ಲ. ಕಚೇರಿಗೆ ಮಾಡಿದರೆ "ಸಾಹೇಬರು ಇಲ್ಲ" ಎನ್ನುತ್ತಾರೆ. ಪಾರವ್ವಕ್ಕ ನನ್ನ ದನಿ ಕೇಳಿದ ಕೂಡಲೇ ಅತ್ತು ಇಟ್ಟುಬಿಟ್ಟರು.

ನಿಮಗೆ ಹೆಸರು ಮುಖ್ಯ ಎಂದು ನನಗೆ ಮೊದಲೇ ಗೊತ್ತಾಗಬೇಕಿತ್ತು. ಒಂದು ಹಳೆಯ ಮುದ್ರೆ ಒತ್ತಲು ಆಗದಷ್ಟು ಮುಖ್ಯ. ಇವರಿಗೆ ಮಾತ್ರ ನಾನು ಏನೂ ಹೇಳಿಲ್ಲ. "ಅಣ್ಣನ ಕಾಗದ ಬಂತಲ್ಲ, ಇನ್ನ ಚಿಂತಿ ಇಲ್ಲ" ಎನ್ನುತ್ತ ಅಲ್ಲಿ ನಗುತ್ತಿದ್ದಾರೆ.

ಪ್ರತಿಮಾ

*

ಹುಬ್ಬಳ್ಳಿ
೧೬ ಮೇ ೨೦೨೫

ಪ್ರತಿಮಾ,

ನಿನ್ನ ಸಿಟ್ಟು ನ್ಯಾಯವಾದದ್ದು. ನಾನು ಸ್ವಲ್ಪ ದಿನ ರಜೆಯಲ್ಲಿದ್ದೇನೆ. ಕಚೇರಿಗೆ ಬಂದ ಪತ್ರಗಳು ಕೈಗೆ ಸಿಗುವುದು ತಡವಾಯಿತು.

ಹಳೆಯ ಮುದ್ರೆ ಈಗ ಇಲ್ಲ. ಹೆಸರು ಬದಲಾದ ಮರುದಿನವೇ ಎಲ್ಲ ಮುದ್ರೆಗಳನ್ನು ಒಟ್ಟುಮಾಡಿ, ಸಾಕ್ಷಿಗಳ ಎದುರು ಒಡೆಸಿ, ಸಹಿ ಹಾಕಿದವನು ನಾನು. ಯಾರೂ ದುರುಪಯೋಗ ಮಾಡಬಾರದೆಂದು ಆ ಆತುರ. ಇನ್ನು ಹಳೆಯ ಹೆಸರಿನಲ್ಲಿ ಪತ್ರ ಕೊಟ್ಟರೆ, ಅಸ್ತಿತ್ವದಲ್ಲಿಲ್ಲದ ಕಚೇರಿಯ ಪತ್ರವಾಗುತ್ತದೆ. ಹೊಸ ಹೆಸರಿನ ರಾಜ್ಯಪತ್ರ ಸಮಾರಂಭಕ್ಕೆ ಮೊದಲೇ ಪ್ರಕಟವಾಗಬೇಕಿತ್ತು. ಅದರಲ್ಲಿ 'ನಿಗ್ರಹ' ಇರಬೇಕಾದಲ್ಲಿ 'ನಿಯಂತ್ರಣ' ಎಂದು ಅಚ್ಚಾಯಿತು. ತಿದ್ದುಪಡಿಗೆ ಕಡತ ಬೆಂಗಳೂರಿಗೆ ಹೋಯಿತು. ಹೊಸ ಮುದ್ರೆಯ ಮಾದರಿ ಕಳಿಸುವ ಕೆಲಸ ಯಾರದೆಂದು ಎರಡು ಶಾಖೆಗಳು ಇನ್ನೂ ಚರ್ಚಿಸುತ್ತಿವೆ. ಫಲಕ ಮಾತ್ರ ಗೋಡೆಯ ಮೇಲೆ ಹೊಳೆಯುತ್ತಿದೆ.

ನಾನು ಬೆಂಗಳೂರಿಗೆ ಹೋಗಿ ಅಲ್ಲೇ ಕೂತು ತಿದ್ದುಪಡಿ ಮಾಡಿಸುತ್ತೇನೆ. ಪಾರವ್ವನ ಅಳುವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವಳಿಗೆ ಬಿಸಿಲಿನ ತ್ರಾಸು.

ರಾಯಪ್ಪ

*

ಸೂರ್
೫ ಜೂನ್ ೨೦೨೫

ಭಾವನವರಿಗೆ,

ನಿನ್ನೆ ತೀರ್ಪು ಬಂತು. ಹತ್ತು ವರ್ಷ.

ತಿದ್ದಿದ ರಾಜ್ಯಪತ್ರ ಇವತ್ತು ಬೆಳಿಗ್ಗೆ ವಕೀಲರಿಗೆ ತಲುಪಿದೆ.

ಭಾಷಾಂತರ ಮಾಡುವವನು ಸಣ್ಣ ದನಿಯಲ್ಲಿ ಹೇಳಿದಾಗ ಇವರಿಗೆ ಕೇಳಿಸಲಿಲ್ಲ. "ಎಷ್ಟಂದ್ರು?" ಎಂದು ನನ್ನ ಕಡೆ ತಿರುಗಿ ತುಟಿಯಲ್ಲೇ ಕೇಳಿದರು. ನಾನು ಎರಡೂ ಕೈಯ ಬೆರಳು ತೋರಿಸಿದೆ. ಎಂಥ ಕೆಲಸ ಮಾಡಿದೆ ನೋಡಿ. ಮಕ್ಕಳಿಗೆ ಲೆಕ್ಕ ಕಲಿಸುವ ಹಾಗೆ.

ಪಾರವ್ವಕ್ಕ ಕೊನೆಗೂ ಮಾತಾಡಿದರು. ನೀವು ರಜೆಯಲ್ಲಿಲ್ಲ, ಅಮಾನತ್ತಿನಲ್ಲಿದ್ದೀರಿ. 'ಗಾಂಜಾ ಸಾಹೇಬರ ಮನೆಯಿಂದಲೇ ಗಾಂಜಾ' ಎಂದು ಪೇಪರಿನಲ್ಲಿ ಬಂತಂತೆ. ತಮ್ಮನಿಗಾಗಿ ಕಚೇರಿಯ ಮೊದಲ ಮುದ್ರೆ ಬಳಸಿಕೊಂಡಿರಿ ಎಂಬ ಆರೋಪವಂತೆ. ಈಗಲೂ ದಿನಾ ಬೆಳಿಗ್ಗೆ ತಯಾರಾಗಿ ಹೊರಗೆ ಹೋಗಿ ಉಣಕಲ್ ಕೆರೆಯ ದಂಡೆಯ ಮೇಲೆ ಕೂತು ಬರುತ್ತೀರಂತೆ, ಓಣಿಯವರು ಕೇಳಬಾರದೆಂದು.

ಯಾಕೆ ಹೇಳಲಿಲ್ಲ? ನಾನು ನಿಮಗೆ ಅಂಥ ಮಾತು ಬರೆಯುತ್ತಿರಲಿಲ್ಲವಲ್ಲ, ಭಾವ. ಕ್ಷಮಿಸಿ.

ವಕೀಲರು ಮೇಲ್ಮನವಿ ಹಾಕುತ್ತಾರೆ. ಇವರು ಮಾತ್ರ ಬೇಡ ಎನ್ನುತ್ತಿದ್ದಾರೆ. "ಅಣ್ಣಗ ಸಾಕು ಮಾಡಂತ ಹೇಳು" ಎಂದರು. ಯಾಕೆಂದು ನನಗೆ ತಿಳಿಯುತ್ತಿಲ್ಲ. ಸೋತುಹೋಗಿದ್ದಾರೆ ಅಂದುಕೊಂಡಿದ್ದೇನೆ.

ಪ್ರತಿಮಾ

*

ಹುಬ್ಬಳ್ಳಿ
೨೧ ಜೂನ್ ೨೦೨೫

ಪ್ರೀತಿಯ ಪ್ರತಿಮಾ,

ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ. ಈಗ ಫೋನಿನಲ್ಲಿ ಮಾತಾಡಲು ಅಡ್ಡಿಯೂ ಇಲ್ಲ. ಆದರೆ ನಿನ್ನ ದನಿ ಕೇಳಿದರೆ ನಾನು ನಿಲ್ಲಲಾರೆ. ಕಾಗದವೇ ಇರಲಿ.

ಹೊಸ ಹೆಸರಿಗೆ ಹೈಕೋರ್ಟು ತಡೆ ಕೊಟ್ಟಿದೆ. ಕಾಯ್ದೆಯಲ್ಲಿ ಹಳೆಯ ಹೆಸರೇ ಇದೆ, ಕಾಯ್ದೆ ತಿದ್ದದೆ ಫಲಕ ತಿದ್ದಿದರೆ ಅಧಿಕಾರ ಎಲ್ಲಿಂದ ಬಂತು ಎಂದು ಯಾರೋ ಕೇಳಿದರು. ಕೇಳಿದವನು ಬಾದುಶಾನ ವಕೀಲ. ಇಲ್ಲದ ಹೆಸರಿನ ಅಧಿಕಾರಿಗಳು ಹಿಡಿದದ್ದು ಎಂಬ ಕಾರಣಕ್ಕೆ ಅವನಿಗೆ ಜಾಮೀನು ಸಿಕ್ಕಿತು. ಮೊನ್ನೆ ಅವನು ಬೈಕಿನಲ್ಲಿ ನಮ್ಮ ಓಣಿಯ ಮುಂದೆಯೇ ಹಾದುಹೋದ. ಪಾರವ್ವ ಕಟ್ಟೆಯ ಮೇಲಿಂದ ನೋಡಿ ಒಳಗೆ ಬಂದು ಮಲಗಿದವಳು ಸಂಜೆಯ ತನಕ ಏಳಲಿಲ್ಲ. ಫಲಕಕ್ಕೆ ಮತ್ತೆ ಬಟ್ಟೆ ಕಟ್ಟಿದ್ದಾರಂತೆ.

ನಿಮ್ಮ ವಕೀಲರಿಗೆ ನಾನೇ ಬರೆದೆ. ಪ್ರಮಾಣಪತ್ರದ ಬಲ ಈಗ ಹೋಗಿದೆ. ಆದರೆ ಡಬ್ಬಿ ಕೈ ಬದಲಾದಾಗ ಎದುರಿಗಿದ್ದ ಮನುಷ್ಯನೇ ಬಂದು ಹೇಳಿದರೆ ಪ್ರಯೋಜನವಾದೀತು ಎಂದಿದ್ದಾರೆ. ನಾನು ಬರುತ್ತೇನೆ. ಮೂವತ್ತು ವರ್ಷ ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳಿದವನು, ಒಂದು ಸುಳ್ಳು ಹೇಳಿಲ್ಲ. ನನ್ನ ತಮ್ಮನಿಗೆ ಏನೂ ಗೊತ್ತಿರಲಿಲ್ಲ ಎಂದು ದೇವರ ಮೇಲೆ ಆಣೆ ಇಟ್ಟು ಹೇಳುತ್ತೇನೆ. ಆ ಮಾತಿಗಾದರೂ ಯಾವ ಮುದ್ರೆಯೂ ಬೇಡ.

ನಿನ್ನ ಭಾವ,
ರಾಯಪ್ಪ

*

ಸೂರ್
೨ ಜುಲೈ ೨೦೨೫

ಭಾವ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಲಿಯೋನಾ ಟೀಚರ್ ರಜೆಗೆ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಓದಿದ ಮೇಲೆ ಹರಿದುಬಿಡಿ.

ನೀವು ಬರುತ್ತೀರಿ ಎಂದು ಹೇಳಲು ಓಡಿಹೋಗಿದ್ದೆ. ಇವರಿಗೆ ಸಂತೋಷವಾಗಲಿಲ್ಲ. ಗಾಜಿಗೆ ಹಣೆ ಹಚ್ಚಿ ಕೂತರು. ಆಮೇಲೆ ರಿಸೀವರ್ ಎತ್ತಿಕೊಂಡು ಹೇಳಿದರು.

"ಅಣ್ಣ ಆಣಿ ಮಾಡೂದು ಬ್ಯಾಡ. ಡಬ್ಬಿಯಾಗ ಏನೋ ಅದ ಅಂತ ನಂಗ ಗೊತ್ತಿತ್ತು."

ರಿಸೀವರನ್ನು ಕಿವಿಗೆ ಇನ್ನೂ ಒತ್ತಿ ಹಿಡಿದೆ. ಮತ್ತೆ ಕೇಳಿದೆ. ಏನೆಂದು ಗೊತ್ತಿರಲಿಲ್ಲವಂತೆ. ಗುಳಿಗೆಯೋ, ಬಂಗಾರವೋ, ಏನೋ ಇರಬೇಕು ಅಂದುಕೊಂಡರಂತೆ. ಚಟ್ನಿಪುಡಿಗೆ ಆ ತೂಕ ಇರುವುದಿಲ್ಲ ಎಂದು ಕೈಗೆ ತಿಳಿದಿತ್ತಂತೆ. ಕೇಳಲಿಲ್ಲ. ಪ್ಲಾಂಟಿನಲ್ಲಿ ಇವರ ಜಾಗಕ್ಕೆ ಇಲ್ಲಿಯವರೇ ಬರುತ್ತಾರೆ, ಕಾಂಟ್ರಾಕ್ಟ್ ಮುಂದುವರಿಯುವುದಿಲ್ಲ ಎಂದು ಡಿಸೆಂಬರಿನಲ್ಲೇ ಹೇಳಿದ್ದರಂತೆ. ನನಗೆ ಹೇಳಿರಲಿಲ್ಲ. ಮತ್ರಾದವನು ಬೇರೆ ಕಡೆ ಕೆಲಸ ಕೊಡಿಸುತ್ತಾನೆ, ಇದೊಂದು ತಲುಪಿಸು ಎಂದು ಬಾದುಶಾ ಅಂದಿದ್ದ.

"ಕೇಳಿದ್ರ ಒಯ್ಯಾಕ ಆಗೂದಿಲ್ಲ ಅಂತ ಕೇಳಲಿಲ್ಲ" ಎಂದರು. "ಅಣ್ಣನ ಎದುರಿಗೇ ಇಸ್ಕೊಂಡೆ. ಅವ ಒಂದು ಮಾತು ಕೇಳಿದ್ದರ ವಾಪಸ್ ಕೊಟ್ಟಬಿಡ್ತಿದ್ದೆ."

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಇಲ್ಲಿ ಬರೆಯಲಾರೆ. ಸಮಯ ಮುಗಿಯಿತೆಂದು ಪಹರೆಯವನು ಬಂದಾಗಲೂ ಅನ್ನುತ್ತಲೇ ಇದ್ದೆ. ಆಚೆ ಲೈನ್ ಕತ್ತರಿಸಿತ್ತು, ಇವರಿಗೆ ಕೇಳುತ್ತಿರಲಿಲ್ಲ.

ಭಾವ, ನಾನು ಸುಮ್ಮನಿದ್ದಿದ್ದರೆ ನೀವು ಬಂದು ಆಣೆ ಮಾಡುತ್ತಿದ್ದಿರಿ. ಅದು ನಿಮ್ಮ ಪಾಲಿಗೆ ನಿಜವೇ ಆಗಿರುತ್ತಿತ್ತು. ಈ ಎರಡು ಮೂರು ದಿನ ಸುಮ್ಮನಿರಬೇಕೆಂದೇ ಇದ್ದೆ. ಗೌತಮಿಯ ಮುಖ ನೋಡಿದಾಗಲೆಲ್ಲ ಸುಮ್ಮನಿರು ಎನ್ನಿಸುತ್ತಿತ್ತು. ಆದರೆ ನಿಮ್ಮದು ಈಗಾಗಲೇ ಇಷ್ಟೊಂದು ಹೋಗಿದೆ. ಉಳಿದಿರುವುದು ಸುಳ್ಳಾಡದ ನಿಮ್ಮ ಮಾತೊಂದೇ, ಅದನ್ನೂ ಗೊತ್ತಿಲ್ಲದೆ ನನ್ನ ಕೈಗೆ ಕೊಡಬೇಡಿ. ಗೊತ್ತಿದ್ದು ಕೊಡುವುದಾದರೆ ಕೊಡಿ. ಕೊಡದಿದ್ದರೂ ಸರಿ. ನಾನು ಒಂದು ಮಾತೂ ಆಡುವುದಿಲ್ಲ.

ನಮ್ಮ ವೀಸಾ ಮುಗಿಯಿತು. ಮುಂದಿನ ವಾರ ಗೌತಮಿಯನ್ನು ಕರೆದುಕೊಂಡು ಗದಗಿಗೆ, ತವರಿಗೆ ಹೋಗುತ್ತಿದ್ದೇನೆ. ಗೌತಮಿ ಇಲ್ಲಿ ಹುಟ್ಟಿದವಳು. ಬಂದರಿನಲ್ಲಿ ಮರದ ದೊಡ್ಡ ಹಡಗು ಕಟ್ಟುವುದನ್ನು ನೋಡುತ್ತ ನಿಂತು, "ಆರ್ ವಿ ಲೀವಿಂಗ್ ಪಪ್ಪಾ ಹಿಯರ್?" ಎಂದು ಕೇಳಿದಳು. ದುಕ್ಮ್ ಎಂಬ ಸುಳ್ಳು ಅವಳಿಗೆ ಎಂದೋ ತಿಳಿದಿತ್ತು.

ಪ್ರತಿಮಾ

*

ಸಹಮ್, ಒಮಾನ್
೧೪ ನವೆಂಬರ್ ೨೦೨೫

ಪ್ರೀತಿಯ ಪ್ರತಿಮಾ,
ಆಶೀರ್ವಾದಗಳು.

ನಿನ್ನ ಜುಲೈ ಪತ್ರಕ್ಕೆ ಉತ್ತರ ಬರೆಯಲಿಲ್ಲ. ನೀನು ಗದಗಿಗೆ ಬಂದ ಮೇಲೂ ನಾನು ಬಂದು ನೋಡಲಿಲ್ಲ. ಎರಡು ಸಲ ಬಸ್ ಸ್ಟ್ಯಾಂಡಿನ ತನಕ ಬಂದು ತಿರುಗಿದೆ. ಏನು ಮಾಡುತ್ತೇನೆ ಎಂದು ನೀನು ಕೇಳುತ್ತೀಯ ಎಂಬ ಹೆದರಿಕೆ. ನನಗೇ ಗೊತ್ತಿರಲಿಲ್ಲ.

ಮೇಲ್ಮನವಿ ಹೋದ ವಾರ ಮುಗಿಯಿತು. ವಕೀಲರು ನಿನಗೆ ಫೋನ್ ಮಾಡಿ ಫಲಿತಾಂಶ ತಿಳಿಸಿದ್ದಾರೆ. ಅದು ಹೇಗಾಯಿತು ಎಂಬುದನ್ನು ನಾನೇ ಹೇಳಬೇಕು.

ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದ ಕೂಡಲೇ ಆಕಾಶನನ್ನು ನೋಡಲು ಹೋದೆ. ಅವನು ಗಾಜಿನ ಆಚೆ ಎದ್ದು ನಿಂತ. ನಾನು ಕೂರು ಎಂದು ಕೈ ಮಾಡುವ ತನಕ ಕೂರಲಿಲ್ಲ. ಸಣ್ಣವನಿದ್ದಾಗಲೂ ಹಾಗೆಯೇ ಇದ್ದ.

"ಪ್ರತಿಮಾ ಹೇಳ್ಯಾಳ?" ಎಂದು ಕೇಳಿದ.

"ಹೇಳ್ಯಾಳ."

"ಮತ್ಯಾಕ ಬಂದಿ?"

"ನಿನ್ನ ನೋಡಾಕ."

ಅವನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ. ನಾನೇ ಹೇಳಿದೆ: "ವಕೀಲ್ರು ಒಂದ ಮಾತು ಹೇಳ್ರಿ ಸಾಕು ಅಂತಾರ. ಹೇಳಿದ್ರ ಕಡಿಮಿ ಆಗಬಹುದು. ಹೇಳ್ಲೇನು?"

ಹೇಳು ಎಂದಿದ್ದರೆ ನಾನು ಹೇಳುತ್ತಿದ್ದೆ, ಪ್ರತಿಮಾ. ಇದನ್ನು ನೀನು ನಂಬಬೇಕು. ಮೂವತ್ತು ವರ್ಷದ ಕಟಕಟೆಯನ್ನೆಲ್ಲ ಮರೆತು ಹೇಳುತ್ತಿದ್ದೆ.

ಅವನು ತಲೆ ಅಲ್ಲಾಡಿಸಿದ. "ಬ್ಯಾಡಣ್ಣ. ಒಳಗಿರೂದು ನಂಗ ರೂಢಿ ಆಗತೈತಿ. ನೀ ಸುಳ್ಳು ಹೇಳಿ ಹೊರಗಿರೂದು ನಿಂಗ ರೂಢಿ ಆಗೂದಿಲ್ಲ." ಹಾಗೆಂದವನು ಅಳತೊಡಗಿದ. ಗಂಡಸು ಅತ್ತ ಹಾಗಲ್ಲ, ಜ್ವರ ಬಂದ ಮಗು ಅತ್ತ ಹಾಗೆ. ಗಾಜು ನಡುವೆ ಇತ್ತು.

ನ್ಯಾಯಾಲಯದಲ್ಲಿ ನಾನು ಕಂಡದ್ದನ್ನು ಹೇಳಿದೆ. ಬಾದುಶಾ ಬಂದದ್ದು, ಡಬ್ಬಿ ಕೊಟ್ಟದ್ದು, ನಾನು ನೋಡಿಯೂ ಏನೆಂದು ಕೇಳದೆ ಕೂತದ್ದು. ಒಯ್ದವನಿಗೆ ಗೊತ್ತಿತ್ತೇ ಎಂದು ಕೇಳಿದರು. ಭಾಷಾಂತರ ಮಾಡುವವನು ಪ್ರಶ್ನೆಯನ್ನು ಹಿಂದಿಯಲ್ಲಿ ಎರಡು ಸಲ ಹೇಳಿದ, ನನಗೆ ಅರ್ಥವಾಗಿಲ್ಲ ಅಂದುಕೊಂಡು. ಅದಕ್ಕೆ ನಾನು ಉತ್ತರ ಕೊಡಲಾರೆ ಎಂದೆ. ವಕೀಲರು ಕಣ್ಣು ಮುಚ್ಚಿಕೊಂಡರು. ಹತ್ತು ವರ್ಷ ಹಾಗೆಯೇ ಉಳಿಯಿತು. ನನ್ನ ಒಂದು ಮಾತಿನಿಂದ ಅದು ಇಳಿಯುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು. ಇಳಿಯುತ್ತಿತ್ತು ಎಂದೇ ಇಟ್ಟುಕೊಂಡು ನಾನು ಬದುಕಬೇಕು.

ಗೌತಮಿ ದೊಡ್ಡವಳಾದ ಮೇಲೆ ಕೇಳಿದರೆ ಇದನ್ನೆಲ್ಲ ಅವಳಿಗೆ ಓದಿಸು. ದೊಡ್ಡಪ್ಪನ ಮೇಲೆ ಸಿಟ್ಟು ಬಂದರೆ ಬರಲಿ.

ಅಮಾನತ್ತು ತೆರವಾಗಿದೆ ಎಂದು ದಮಯಂತಿ ತಿಳಿಸಿದಳು. ಹಳೆಯ ಹೆಸರು, ಹಳೆಯ ಕುರ್ಚಿ, ಬಂದು ಕೂರಬಹುದಂತೆ. ನಾನು ಸ್ವಯಂ ನಿವೃತ್ತಿಗೆ ಬರೆದುಕೊಟ್ಟೆ. ಇಲ್ಲಿ ಸಹಮ್‌ನಲ್ಲಿ ಉಮ್ಮರ್ ಬ್ಯಾರಿ ಎಂಬವರ ಅಂಗಡಿ ಇದೆ, ಉಪ್ಪಿನಂಗಡಿ ಕಡೆಯವರು. ತೋಟಗಳಿಗೆ ಬೀಜ, ಗೊಬ್ಬರ, ಪೈಪು ಮಾರುತ್ತಾರೆ. ಲಿಯೋನಾ ಟೀಚರ್ ಪರಿಚಯ ಮಾಡಿಸಿಕೊಟ್ಟರು. ಎಲ್ಲವನ್ನೂ ಹೇಳಿದ ಮೇಲೂ ಅವರು "ಲೆಕ್ಕ ನೋಡ್ಲಿಕ್ಕೆ ಒಬ್ಬರು ಬೇಕಿತ್ತು ಮಾರಾಯ್ರೆ, ನೀವು ಇಲ್ಲೇ ಇರಿ" ಎಂದರು. ಅವರ ಕಫೀಲ್, ಅಂದರೆ ವೀಸಾಕ್ಕೆ ಹೊಣೆ ನಿಲ್ಲುವ ಒಮಾನಿ ಮಾಲೀಕನ ಜೊತೆ ಮಾತಾಡಿ ನನ್ನ ವೀಸಾ ಮಾಡಿಸಿದ್ದಾರೆ. ಪಾರವ್ವ ಬರುವುದಿಲ್ಲ ಎಂದಳು. ನಾನೂ ಒತ್ತಾಯ ಮಾಡಲಿಲ್ಲ. ಅವಳಿಗೆ ತನ್ನ ತಂಗಿಯ ಮನೆ ಇದೆ.

ಇಲ್ಲಿಂದ ಸೆರೆಮನೆ ದೂರ. ಭೇಟಿಯ ದಿನ ಅಂಗಡಿಯ ಪಿಕಪ್ ಮಸ್ಕತ್ ಕಡೆ ಹೋದರೆ ಅದರಲ್ಲಿ ಹೋಗುತ್ತೇನೆ, ಇಲ್ಲದಿದ್ದರೆ ಬಸ್ಸಿನಲ್ಲಿ. ಮಾತಾಡುವುದು ಹೆಚ್ಚೇನೂ ಇರುವುದಿಲ್ಲ. ಹೋದ ಸಲ ಅವನು ಅಲ್ಲಿಯ ಅಡುಗೆಮನೆಯಲ್ಲಿ ಕೆಲಸ ಕೊಟ್ಟಿದ್ದಾರೆ, ಬೇಳೆ ಬೇಯಿಸಲು ಕಲಿತೆ ಎಂದ. ನಾನು ಉಪ್ಪು ಕಡೆಯಲ್ಲಿ ಹಾಕು ಎಂದೆ. ಅಷ್ಟರಲ್ಲಿ ಸಮಯವಾಯಿತು.

ನೀನು ಅವನಿಗಾಗಿ ಕಾಯುತ್ತೀಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಅವನೂ ಕೇಳಿಲ್ಲ, ಕೇಳಲು ಬಾಯಿ ಇಲ್ಲ. ನಿನಗೆ ಇನ್ನೂ ವಯಸ್ಸಿದೆ. ಏನು ನಿರ್ಧಾರ ಮಾಡಿದರೂ, ಯಾರಾದರೂ ಒಬ್ಬರು ಅವನ ಎದುರಿಗೆ ಹೋಗಿ ಕೂರುತ್ತಾರೆ ಎಂಬ ಚಿಂತೆ ನಿನಗೆ ಬೇಡ. ಅದಕ್ಕೇ ನಾನು ಇಲ್ಲಿ ಉಳಿದದ್ದು.

ಇವತ್ತು ಶುಕ್ರವಾರ, ಅಂಗಡಿ ಮುಚ್ಚಿದೆ. ಸಮುದ್ರ ಹತ್ತಿರವೇ ಇದೆ, ಇನ್ನೂ ನೋಡಲು ಹೋಗಿಲ್ಲ.

ನಿನ್ನ ಭಾವ,
ರಾಯಪ್ಪ